"ಅಮ್ಮ ಯಾವಾಗಲೂ ಸಿಟ್ಟಲ್ಲೇ ಮಾತಾಡ್ತಾರೆ": ಒಂದು ಪ್ರಕರಣದ ಪೂರ್ತಿ ವಿವರ

ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಆತನಿಗೆ 27 ವರ್ಷ. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಸಂಶಯ ಕಾಡುವ ಮಾನಸಿಕ ಕಾಯಿಲೆ, ಅಂತ ಗೊತ್ತಾಗಿ ಆರು ವರ್ಷವಾಗಿತ್ತು. ಮಾತ್ರೆ ತಪ್ಪಿಸುತ್ತಿರಲಿಲ್ಲ. ಗೋಡೆಯ ಆಚೆ ಇಬ್ಬರು ಗಂಡಸರು ನಿಂತು ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನುತ್ತಿದ್ದ. ಮಾತ್ರೆ ಶುರುವಾದ ಮೇಲೆ ಆ ದನಿಗಳು ತಗ್ಗಿದ್ದವು, ಪೂರ್ತಿ ಹೋಗಿರಲಿಲ್ಲ. ಅದೆಲ್ಲ ಮನೋವೈದ್ಯರ ಫೈಲಿನಲ್ಲಿತ್ತು. ನನ್ನ ಹತ್ತಿರ ಕಳಿಸಿದ್ದು ಬೇರೆ ಕಾರಣಕ್ಕೆ. ಮನೆಯಲ್ಲಿ ದಿನಾ ಜಗಳ.

"ಅಮ್ಮ ಯಾವಾಗಲೂ ಸಿಟ್ಟಲ್ಲೇ ಮಾತಾಡ್ತಾರೆ ಮೇಡಂ." ಕುರ್ಚಿಯಲ್ಲಿ ಕೂತ ಕೂಡಲೇ ಆತ ಹೇಳಿದ್ದು ಇದು.

ತಾಯಿ ಪಕ್ಕದಲ್ಲೇ ಇದ್ದರು. "ನಾನು ಏನೂ ಅಂದಿಲ್ಲ. ಸ್ನಾನ ಆಯ್ತಾ ಅಂತ ಕೇಳ್ದೆ ಅಷ್ಟೇ. ಬಾಗಿಲು ಬಡ್ಕೊಂಡು ಒಳಗೆ ಹೋದ" ಅಂದರು. ಅವರದ್ದೂ ಒಂದು ದೂರು ಇತ್ತು. ಕರೆದರೆ ಓಗೊಡುವುದಿಲ್ಲ. ಎದುರಿಗೇ ನಿಂತು ಹೇಳಿದ ಮಾತನ್ನು ಮತ್ತೆ ಕೇಳುತ್ತಾನೆ. ತಂದೆಯ ಪ್ರಕಾರ ಅದು ಬೇಕಂತಲೇ ಮಾಡುವ ನಾಟಕ.

ನಾನು ಮೊದಲು ಸುಲಭದ ದಾರಿ ಹಿಡಿದೆ. ಎಲ್ಲರೂ ತನ್ನ ಮೇಲೆ ಸಿಟ್ಟಾಗಿದ್ದಾರೆ ಅನ್ನುವುದು ಈ ಕಾಯಿಲೆಯಲ್ಲಿ ಹೊಸದಲ್ಲ. ಸಂಶಯ ಅಂತ ಬರೆದುಕೊಂಡೆ. ಎರಡನೇ ಭೇಟಿಯಲ್ಲಿ ಆತ ಹೇಳಿದ ಒಂದು ಮಾತಿಗೆ ಆ ಪದದ ಪಕ್ಕ ಪ್ರಶ್ನೆ ಚಿಹ್ನೆ ಹಾಕಬೇಕಾಯಿತು. ಫೋನಿನಲ್ಲಿ "ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ" ಅನ್ನುವ ರೆಕಾರ್ಡ್ ಮಾಡಿದ ದನಿ ಇದೆಯಲ್ಲ, ಅದೂ ಗದರಿಸಿದ ಹಾಗೆ ಕೇಳುತ್ತದಂತೆ. "ಆ ಹೆಂಗಸಿಗೆ ನಿಮ್ಮ ಮೇಲೆ ಸಿಟ್ಟಾ?" ಅಂದೆ. ಆತ ನಕ್ಕ. "ಇಲ್ಲ ಮೇಡಂ, ಅದು ಮೆಷಿನ್ ಅಂತ ಗೊತ್ತು. ಕೇಳೋದು ಮಾತ್ರ ಹಂಗೆ."

ಸಂಶಯಕ್ಕೆ ಒಬ್ಬ ಆಸಾಮಿ ಬೇಕು. ಇಲ್ಲಿ ಆಸಾಮಿಯೇ ಇರಲಿಲ್ಲ. ಹಾಗಾದರೆ ತೊಂದರೆ ಇರುವುದು ಯೋಚನೆಯಲ್ಲೋ, ಕೇಳಿಸುವಿಕೆಯಲ್ಲೋ?

ಮೊದಲು ಕಿವಿ. ಆಡಿಯಾಲಜಿಸ್ಟ್ ಪರೀಕ್ಷೆ ಮಾಡಿದರು. ಎರಡೂ ಕಿವಿ ಸರಿ ಇದ್ದವು. ಗ್ರಾಫ್ ನೋಡಿ ತಂದೆ "ನಾನು ಹೇಳ್ಲಿಲ್ವಾ" ಅನ್ನುವ ಹಾಗೆ ನನ್ನ ಮುಖ ನೋಡಿದರು.

ಆಮೇಲೆ ಸ್ವರ ಹೋಲಿಸುವ ಪರೀಕ್ಷೆ. ಎರಡು ಶಬ್ದ ಒಂದರ ಹಿಂದೆ ಒಂದು ಬರುತ್ತವೆ. ಎರಡೂ ಒಂದೇನಾ, ಬೇರೆನಾ ಅಂತ ಹೇಳಬೇಕು. ನಾನೂ ನನ್ನ ಸಹೋದ್ಯೋಗಿಯೂ ಸಲೀಸಾಗಿ "ಬೇರೆ" ಅಂದ ಜೋಡಿಗಳಿಗೆ ಆತ "ಒಂದೇ" ಅಂದ. ವ್ಯತ್ಯಾಸ ದೊಡ್ಡದಾದಾಗ ಸರಿಯಾಗಿ ಹೇಳಿದ. ಇದು ಆತನೊಬ್ಬನ ಕಥೆಯಲ್ಲ. ಸಂಶೋಧಕ ಡೇನಿಯಲ್ ಜಾವಿಟ್ ಮತ್ತು ಸಂಗಡಿಗರು 1990ರ ದಶಕದಿಂದ ಇದನ್ನು ತೋರಿಸುತ್ತಾ ಬಂದಿದ್ದಾರೆ. ಸ್ಕಿಜೋಫ್ರೇನಿಯಾ ಇರುವ ಅನೇಕರಿಗೆ ಎರಡು ಸ್ವರ ಬೇರೆ ಅಂತ ತಿಳಿಯಲು ಬೇರೆಯವರಿಗಿಂತ ಜಾಸ್ತಿ ಅಂತರ ಬೇಕು.

ಮೂರನೆಯದು ನಮ್ಮದೇ ಕೈಕೆಲಸ. "ಹೂಂ", "ಹೌದಾ", "ಆಯ್ತು" ಅನ್ನುವ ಮಾತುಗಳನ್ನು ಬೇರೆ ಬೇರೆ ಭಾವದಲ್ಲಿ ಹೇಳಿ ರೆಕಾರ್ಡ್ ಮಾಡಿಕೊಂಡೆವು. "ಹೂಂ" ಬಗ್ಗೆ ಯೋಚಿಸಿ ನೋಡಿ. ಒಪ್ಪಿಗೆಗೂ ಹೂಂ, ಬೇಜಾರಿಗೂ ಹೂಂ. "ಮುಂದೆ ಹೇಳು" ಅನ್ನುವುದಕ್ಕೂ ಹೂಂ, "ಇರು, ನಿನ್ನ ನೋಡ್ಕೋತೀನಿ" ಅನ್ನುವುದಕ್ಕೂ ಹೂಂ. ಅಕ್ಷರ ಒಂದೇ, ಅರ್ಥವೆಲ್ಲ ರಾಗದಲ್ಲಿ. ದನಿ ಏರಿತಾ, ಇಳಿಯಿತಾ, ಎಳೆಯಿತಾ ಅನ್ನುವುದು ಗೊತ್ತಾಗದಿದ್ದರೆ "ಹೂಂ" ಬರೀ ಒಂದು ಗುಟುರು.

ಆತ ಇವನ್ನು ಹೇಗೆ ವಿಂಗಡಿಸಿದ ಅನ್ನುವುದು ನನಗೆ ತಕ್ಷಣ ಹೊಳೆಯಲಿಲ್ಲ. ಉತ್ತರಗಳ ಹಾಳೆ ಮುಂದಿಟ್ಟುಕೊಂಡು ಮತ್ತೆ ಎಲ್ಲವನ್ನೂ ಕೇಳಿದ ಮೇಲೆ ಕಂಡಿತು. ಮೆತ್ತಗೆ ಹೇಳಿದ್ದಕ್ಕೆಲ್ಲ "ಸುಮ್ನೆ" ಅಂತ ಗುರುತು. ಜೋರಾಗಿ ಹೇಳಿದ್ದಕ್ಕೆಲ್ಲ "ಸಿಟ್ಟು". ನನ್ನ ಸಹೋದ್ಯೋಗಿ ಖುಷಿಯಿಂದ ಕೂಗಿದ "ಹೌದಾ!" ಕೂಡ ಸಿಟ್ಟಿನ ಸಾಲಿನಲ್ಲೇ ಇತ್ತು. ರಾಗ ಕೈಗೆ ಸಿಗದವನು ಜೋರನ್ನು ಹಿಡಿದುಕೊಂಡಿದ್ದ. ಈ ಕಾಯಿಲೆಯಲ್ಲಿ ರಾಗದ ಸುಳಿವು ಜಾಸ್ತಿ ಪೆಟ್ಟು ತಿನ್ನುತ್ತದೆ, ಜೋರಿನ ಸುಳಿವು ಅಷ್ಟಾಗಿ ಅಲ್ಲ. ಇರುವ ಸುಳಿವನ್ನೇ ಆತ ಬಳಸುತ್ತಿದ್ದ. ಅದರಲ್ಲಿ ತಪ್ಪೇನು?

ತಾಯಿಗೆ ಹೆಡ್‌ಫೋನ್ ಕೊಟ್ಟು ಆ "ಹೌದಾ!" ಕೇಳಿಸಿದೆ. "ಇದನ್ನೂ ಸಿಟ್ಟು ಅಂದ್ನಾ?" ಅಂದರು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಹೇಳಿದರು: "ನಮ್ಮತ್ತೆಗೆ ಕಿವಿ ಕೇಳಿಸಲ್ಲ. ಹತ್ತು ವರ್ಷದಿಂದ ಮನೇಲಿ ನಾನು ಕೂಗಿ ಕೂಗಿನೇ ಮಾತಾಡೋದು."

ಯಾವ ಫೈಲಿನಲ್ಲೂ ಈ ಅಜ್ಜಿಯ ಕಿವಿ ಇರಲಿಲ್ಲ. ಫೋನಿನ ವಿಷಯವೂ ಹಾಗೇ ಬಿಡಿಸಿಕೊಂಡಿತು. ಆತ ಸದಾ ಫೋನಿನ ವಾಲ್ಯೂಮ್ ಪೂರ್ತಿ ಏರಿಸಿಯೇ ಇಡುತ್ತಿದ್ದ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ತಂದೆ ಇನ್ನೂ "ಮನಸ್ಸಿಟ್ಟು ಕೇಳಿದ್ರೆ ಎಲ್ಲಾ ಕೇಳಿಸುತ್ತೆ" ಅನ್ನುತ್ತಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಗುಂಡಿ ಒತ್ತುವ ಪರೀಕ್ಷೆಯಲ್ಲಿ ಮನಸ್ಸಿಲ್ಲದವನೂ ತಪ್ಪುತ್ತಾನೆ, ತಿಳಿಯದವನೂ ತಪ್ಪುತ್ತಾನೆ. ಮನಸ್ಸಿಡುವ ಅಗತ್ಯವೇ ಇಲ್ಲದ ಪರೀಕ್ಷೆ ಬೇಕಿತ್ತು. ಅದಕ್ಕೇ ಇಇಜಿ.

ತಲೆಗೆ ಟೋಪಿ ಹಾಕಿ, ಜೆಲ್ ತುಂಬಿ, ಮಿದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ ಕೆಲಸ ಇದು. ಆತನ ಎದುರಿಗೆ ದನಿಯಿಲ್ಲದ ವಿಡಿಯೋ ಹಾಕಿದೆವು. "ವಿಡಿಯೋ ನೋಡಿ, ಕಿವಿಯಲ್ಲಿ ಬರೋ ಶಬ್ದದ ಕಡೆ ಗಮನ ಕೊಡಬೇಡಿ" ಅಂದೆವು. ಕಿವಿಯಲ್ಲಿ ಅರ್ಧ ಸೆಕೆಂಡಿಗೊಮ್ಮೆ ಒಂದು ಪುಟ್ಟ "ಟಿಕ್", 50 ಮಿಲಿಸೆಕೆಂಡ್ ಉದ್ದದ್ದು. ಮಿಲಿಸೆಕೆಂಡ್ ಅಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ನೂರಕ್ಕೆ ಹತ್ತು ಸಲ, ಹೇಳದೆ ಕೇಳದೆ, ಅದು 100 ಮಿಲಿಸೆಕೆಂಡ್ ಆಗುತ್ತದೆ. 15 ನಿಮಿಷದಲ್ಲಿ 1800 ಶಬ್ದ, ಅದರಲ್ಲಿ 180 ಬೇರೆಯವು.

ತಾಳ ಗೊತ್ತಿಲ್ಲದವರಿಗೂ ತಾಳ ತಪ್ಪಿದ್ದು ಗೊತ್ತಾಗುತ್ತದೆ, ಅಲ್ವಾ? ಹಾಗೇ ಇದು. ಶಬ್ದಗಳ ಸಾಲು ಹೀಗೇ ಸಾಗುತ್ತದೆ ಅಂತ ಮಿದುಳು ತನ್ನಷ್ಟಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳುತ್ತದೆ. ಲೆಕ್ಕ ತಪ್ಪಿದ ಕೂಡಲೇ, ನಾವು ಗಮನ ಕೊಡದಿದ್ದರೂ, ಒಂದು ಅಲೆ ಏಳುತ್ತದೆ. ಬದಲಾವಣೆಯಾದ ಸುಮಾರು 100ರಿಂದ 250 ಮಿಲಿಸೆಕೆಂಡಿನ ಒಳಗೆ ಅದು ಬಂದು ಹೋಗುತ್ತದೆ. ಫಿನ್‌ಲ್ಯಾಂಡಿನ ರಿಸ್ಟೊ ನ್ಯಾಟನೆನ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಗುರುತಿಸಿ ಮಿಸ್‌ಮ್ಯಾಚ್ ನೆಗೆಟಿವಿಟಿ ಅಂದರು. ಬಳಕೆಯಲ್ಲಿ ಎಂಎಂಎನ್. ನೆಗೆಟಿವ್ ಅಂದರೆ ಕೆಟ್ಟದ್ದು ಅಂತಲ್ಲ. ವೋಲ್ಟೇಜ್ ಮೈನಸ್ ಕಡೆಗೆ ಹೋಗುತ್ತದೆ, ಅಷ್ಟೇ. ರಿಪೋರ್ಟಿನಲ್ಲಿ ಆ ಪದ ನೋಡಿ ಬೆದರಿದವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ಅಲೆ ತಗ್ಗು ಅನ್ನುವುದು 1991ರಿಂದ ಗೊತ್ತು. ಆಮೇಲೆ ಎಷ್ಟೋ ಕಡೆ ಮತ್ತೆ ಮತ್ತೆ ಕಂಡಿದೆ. ಕಾಯಿಲೆ ಶುರುವಾದ ಹೊಸದರಲ್ಲಿ ಈ ಕೊರತೆ ಚಿಕ್ಕದು, ವರ್ಷಗಳು ಕಳೆದವರಲ್ಲಿ ದೊಡ್ಡದು. ಆತನದ್ದೂ ತಗ್ಗೇ ಇತ್ತು. ಅಲೆ ಇರಲಿಲ್ಲ ಅಂತಲ್ಲ. ಗುಡ್ಡ ಇರಬೇಕಾದ ಕಡೆ ದಿಬ್ಬ ಇದ್ದ ಹಾಗೆ. ತಂದೆಗೆ ಎರಡು ಗೆರೆ ತೋರಿಸಿದೆ. ಒಂದು ಆತನದ್ದು, ಇನ್ನೊಂದು ನಮ್ಮ ಟೆಕ್ನಿಷಿಯನ್‌ದು. "ಇಬ್ಬರೂ ವಿಡಿಯೋನೇ ನೋಡ್ತಿದ್ರು, ಇಬ್ಬರೂ ಮನಸ್ಸಿಟ್ಟು ಕೇಳ್ತಿರಲಿಲ್ಲ" ಅಂದೆ. ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾಟಕ ಅಲ್ಲ ಅಂತೀರಿ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಈಗ ನಮ್ಮ ಎಡವಟ್ಟಿನ ವಿಷಯ. ಅದೇ ದಿನ ಇನ್ನೊಂದು ಪರೀಕ್ಷೆಯೂ ಇತ್ತು. ಜೋಡಿ "ಕ್ಲಿಕ್" ಶಬ್ದ. ಎರಡರ ಮಧ್ಯೆ ಅರ್ಧ ಸೆಕೆಂಡು, ಆಮೇಲೆ ಎಂಟು ಹತ್ತು ಸೆಕೆಂಡು ಬಿಡುವು, ಮತ್ತೆ ಜೋಡಿ. ಸಾಮಾನ್ಯವಾಗಿ ಎರಡನೇ ಕ್ಲಿಕ್ಕಿಗೆ ಮಿದುಳು "ಇದು ಆಗಲೇ ಬಂತಲ್ಲ" ಅಂತ ಕಡಿಮೆ ಸ್ಪಂದಿಸುತ್ತದೆ. ಸುಮಾರು 50 ಮಿಲಿಸೆಕೆಂಡಿಗೆ ಬರುವ ಈ ಅಲೆಗೆ ಪಿ50 ಅನ್ನುತ್ತಾರೆ. ಸ್ಕಿಜೋಫ್ರೇನಿಯಾದಲ್ಲಿ ಎರಡನೇ ಸಲವೂ ಅಲೆ ಅಷ್ಟಾಗಿ ತಗ್ಗುವುದಿಲ್ಲ ಅಂತ ಲಾರೆನ್ಸ್ ಆಡ್ಲರ್, ರಾಬರ್ಟ್ ಫ್ರೀಡ್‌ಮನ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಬಾಗಿಲ ಕಾವಲುಗಾರ ಬಂದವರನ್ನೆಲ್ಲ ಒಳಗೆ ಬಿಟ್ಟ ಹಾಗೆ.

ಆತನದ್ದು ಚೆನ್ನಾಗಿಯೇ ತಗ್ಗಿತ್ತು. "ಇದೊಂದು ಸರಿಯಿದೆ" ಅಂತ ನಾನು ರಿಪೋರ್ಟಿನ ಕರಡಿನಲ್ಲಿ ಬರೆದೂ ಆಗಿತ್ತು. ಟೆಕ್ನಿಷಿಯನ್ ಬಂದು "ಮೇಡಂ, ಬ್ರೇಕ್ ಕೊಟ್ಟಾಗ ಟೋಪಿ ಹಾಕ್ಕೊಂಡೇ ಹೊರಗೆ ಹೋಗಿ ಎರಡು ಸಿಗರೇಟು ಸೇದಿ ಬಂದ್ರು" ಅಂದ. ತಲೆ ಚಚ್ಚಿಕೊಂಡೆ. ಸಿಗರೇಟಿನ ನಿಕೋಟಿನ್ ಈ ಅಲೆಯನ್ನು ಸ್ವಲ್ಪ ಹೊತ್ತು ಸರಿ ಮಾಡುತ್ತದೆ ಅನ್ನುವುದು 1990ರ ದಶಕದಲ್ಲೇ ಗೊತ್ತಾದ ವಿಷಯ. ಬ್ರೇಕಿನಲ್ಲಿ ಏನು ಮಾಡಬಾರದು ಅಂತ ನಾವೇ ಹೇಳಿರಲಿಲ್ಲ. ಇನ್ನೊಂದು ದಿನ, ಬ್ರೇಕ್ ಇಲ್ಲದೆ, ಮತ್ತೆ ಮಾಡಿದೆವು. ಆಗ ಎರಡನೇ ಅಲೆ ಮೊದಲನೆಯದರಷ್ಟೇ ಇತ್ತು.

ಹಾಗಂತ ಸಿಗರೇಟು ಔಷಧಿ ಅಲ್ಲ. ಆ ಪರಿಣಾಮ ಬೇಗ ಇಳಿಯುತ್ತದೆ. ಮೇಲಾಗಿ ತಂಬಾಕಿನ ಹೊಗೆ ಈ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್‌ನಂಥ ಮಾತ್ರೆಗಳನ್ನು ದೇಹದಲ್ಲಿ ಬೇಗ ಕರಗಿಸಿಬಿಡುತ್ತದೆ. ಪಿ50ಗೆ ನಾನು ಮೊದಲಿನಿಂದಲೂ ಜಾಸ್ತಿ ತೂಕ ಕೊಡುವವಳಲ್ಲ. ಅಳೆಯುವುದು ಕಷ್ಟ, ಒಂದೇ ಮನುಷ್ಯನಲ್ಲಿ ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ. ಆದರೆ ಆತ ಜನಜಂಗುಳಿಯಲ್ಲಿ ಯಾಕೆ ಅಷ್ಟು ಸಿಗರೇಟು ಸೇದುತ್ತಾನೆ ಅನ್ನುವುದಕ್ಕೆ ಒಂದು ಸುಳಿವು ಸಿಕ್ಕಿತು. "ಸೇದಿದ್ರೆ ಶಬ್ದ ಒಂಚೂರು ದೂರ ಹೋಗುತ್ತೆ" ಅಂತ ಆತನೇ ಹಿಂದೆ ಒಂದು ಸಲ ಹೇಳಿದ್ದ. ಚಟದ ನೆಪ ಅಂದುಕೊಂಡು ನಾನು ಅದನ್ನು ಬರೆದುಕೊಂಡಿರಲೂ ಇಲ್ಲ.

ಸೆಕೆಂಡಿಗೆ 40 ಸಲ ಕ್ಲಿಕ್ ಕೇಳಿಸಿ ಮಿದುಳು ಅದೇ ವೇಗಕ್ಕೆ ಹೆಜ್ಜೆ ಹಾಕುತ್ತದಾ ಅಂತ ನೋಡುವ ಪರೀಕ್ಷೆಯನ್ನೂ ಮಾಡಿದೆವು. ಅಲ್ಲೂ ಆತನ ಹೆಜ್ಜೆ ಸಡಿಲ. ಈ ಕಾಯಿಲೆಯಲ್ಲಿ ಅದು 1999ರಿಂದ ಗೊತ್ತಿರುವ ಸಂಗತಿ. ಮನೆಯ ಜಗಳಕ್ಕೆ ಅದರಿಂದ ಹೊಸದೇನೂ ಸಿಗಲಿಲ್ಲ.

ಹೊಸದು ಸಿಕ್ಕಿದ್ದು ಕೊನೆಯ ಪರೀಕ್ಷೆಯಲ್ಲಿ. ಆತ ಮೈಕಿನ ಮುಂದೆ ಕೂತು "ಆ… ಆ…" ಅಂತ ಮತ್ತೆ ಮತ್ತೆ ಹೇಳಬೇಕು. ಅದನ್ನೇ ರೆಕಾರ್ಡ್ ಮಾಡಿ, ಆಮೇಲೆ ಸುಮ್ಮನೆ ಕೂರಿಸಿ ಕೇಳಿಸುತ್ತೇವೆ. ಅದೇ ದನಿ, ಅದೇ ಜೋರು. ಆದರೆ ನಾವೇ ಮಾತಾಡುವಾಗ ನಮ್ಮ ದನಿಗೆ ಮಿದುಳು ಕಡಿಮೆ ಸ್ಪಂದಿಸುತ್ತದೆ. ಕೇಳುವಾಗ ಜಾಸ್ತಿ. ಸುಮಾರು 100 ಮಿಲಿಸೆಕೆಂಡಿಗೆ ಬರುವ ಎನ್1 ಅನ್ನುವ ಅಲೆಯಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಯಾಕೆ? ಕೈ ಆಡಿಸುವ ಮೊದಲೇ ಮಿದುಳಿನ ಒಂದು ಭಾಗ ಇನ್ನೊಂದಕ್ಕೆ "ಇದು ನಮ್ಮದೇ, ಗಾಬರಿ ಬೇಡ" ಅಂತ ಸುದ್ದಿ ಮುಟ್ಟಿಸಿರುತ್ತದೆ. ಮಾತಿನಲ್ಲೂ ಹಾಗೇ. ರೋಜರ್ ಸ್ಪೆರ್ರಿ 1950ರಲ್ಲಿ ಮೀನುಗಳ ಕಣ್ಣಿನ ಮೇಲೆ ಪ್ರಯೋಗ ಮಾಡಿ ಇಂಥದ್ದೊಂದು ಒಳಸುದ್ದಿ ಇರಬೇಕು ಅಂದರು. ಸ್ಕಿಜೋಫ್ರೇನಿಯಾದಲ್ಲಿ ಈ ಸುದ್ದಿಯೇ ತಲುಪುತ್ತಿಲ್ಲವೇನೋ ಅಂತ 1978ರಲ್ಲಿ ಬರೆದವರು ಅರ್ವಿನ್ ಫೈನ್‌ಬರ್ಗ್. ಜುಡಿತ್ ಫೋರ್ಡ್ ಮತ್ತು ಡೇನಿಯಲ್ ಮಥಲಾನ್ ಅದನ್ನು ಇಇಜಿಯಲ್ಲಿ ಹುಡುಕಿದರು. ಕಾಯಿಲೆ ಇರುವವರಲ್ಲಿ ಮಾತಾಡುವುದಕ್ಕೂ ಕೇಳುವುದಕ್ಕೂ ಆ ವ್ಯತ್ಯಾಸ ಕಡಿಮೆ ಅಂತ ಕಂಡಿತು. 2000ದಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಕಚಗುಳಿಯನ್ನೇ ಪರೀಕ್ಷೆ ಮಾಡಿ ನೋಡಿದರು. ದನಿ ಕೇಳುವ ರೋಗಿಗಳಿಗೆ ತಮ್ಮ ಕೈಯಿಂದ ಆದ ಸ್ಪರ್ಶವೂ ಬೇರೆಯವರದ್ದರಷ್ಟೇ ಕಚಗುಳಿ ಅನ್ನಿಸಿತು.

ಆತನ ಎರಡು ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. ತಾನು ಆಡಿದ್ದಕ್ಕೂ, ತಾನು ಕೇಳಿದ್ದಕ್ಕೂ ಮಿದುಳು ಒಂದೇ ರೀತಿ ತಲೆ ಎತ್ತಿತ್ತು.

ತಂದೆ ಆ ದಿನ ಇನ್ನೊಂದು ಪ್ರಶ್ನೆ ಕೇಳಿದರು. "ಇಲ್ಲದೇ ಇರೋದು ಹೆಂಗೆ ಕೇಳಿಸುತ್ತೆ?" ಮನಸ್ಸಿನಲ್ಲೇ ಆಡಿಕೊಳ್ಳುವ ಮಾತಿಗೂ "ಇದು ನನ್ನದು" ಅನ್ನುವ ಚೀಟಿ ಬೇಕು, ಚೀಟಿ ಇಲ್ಲದಿದ್ದರೆ ಅದು ಬೇರೆಯವರ ದನಿ ಆಗಬಹುದು ಅಂತ ಹೇಳಿದೆ. ಇದು ಒಂದು ವಿವರಣೆ. ಇದೊಂದೇ ಅಲ್ಲ. ಆದರೆ ದನಿ ಕೇಳುವುದು ಬರೀ ಹೇಳಿಕೆ ಅಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಇದೆ. 1999ರಲ್ಲಿ ಥಾಮಸ್ ಡಿಯರ್ಕ್ಸ್ ಮತ್ತು ಸಂಗಡಿಗರು ಮೂರೇ ಜನ ರೋಗಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ದನಿ ಬಂದಾಗ ಗುಂಡಿ ಒತ್ತಲು ಹೇಳಿದರು. ಆ ಹೊತ್ತಿನಲ್ಲಿ, ಹೊರಗಿನ ಶಬ್ದ ಮೊದಲು ಬಂದು ಸೇರುವ ಮಿದುಳಿನ ಜಾಗವೇ ಚುರುಕಾಗಿತ್ತು. "ಅವನಿಗೆ ನಿಜವಾಗ್ಲೂ ಕೇಳುತ್ತೆ ಅಂದ್ಹಾಗಾಯ್ತು" ಅಂದರು ತಂದೆ. ಹೌದು. ಹೊರಗೆ ಆಡುವವರು ಇಲ್ಲ, ಅಷ್ಟೇ.

ಇಷ್ಟೆಲ್ಲ ಆದ ಮೇಲೆ ತಾಯಿಗೆ ಒಂದು ಆಸೆ ಹುಟ್ಟಿತು. "ಇವನ ತಂಗಿಗೂ ಮಾಡ್ಸೋಣ್ವಾ? ಮುಂಚೆನೇ ಗೊತ್ತಾಗುತ್ತಲ್ಲ." ಬೇಡ ಅಂದೆ. ಕಾರಣ ಲೆಕ್ಕದಲ್ಲಿದೆ. 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಎಂಎಂಎನ್ ಅಲೆಯಲ್ಲಿ ರೋಗಿಗಳಿಗೂ ಉಳಿದವರಿಗೂ ಸರಾಸರಿಯಲ್ಲಿ ಸುಮಾರು ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಜನ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಇರುತ್ತಾರೆ ಅನ್ನುವ ಅಳತೆ) ಅಂತರ ಕಂಡಿತು. ಸಂಶೋಧನೆಯಲ್ಲಿ ಇದು ದೊಡ್ಡ ಅಂತರ. ಆದರೆ ಒಬ್ಬ ವ್ಯಕ್ತಿಯ ಮುಂದೆ ಕೂತಾಗ ಅದು ಹೀಗಾಗುತ್ತದೆ: ಸರಾಸರಿ ರೋಗಿಗಿಂತ ತಗ್ಗು ಅಲೆ ಇರುವವರು ಆರೋಗ್ಯವಂತರಲ್ಲೂ ಸುಮಾರು ಆರಕ್ಕೊಬ್ಬರು ಸಿಗುತ್ತಾರೆ. ವಯಸ್ಸಾದರೂ ಅಲೆ ತಗ್ಗುತ್ತದೆ, ಕುಡಿದರೂ ತಗ್ಗುತ್ತದೆ. ಈ ಹಾಳೆ ಹಿಡಿದು "ಕಾಯಿಲೆ ಇದೆ" ಅಂತಲೋ "ಇಲ್ಲ" ಅಂತಲೋ ಹೇಳಲಾಗದು. ಆತನ ವಿಷಯದಲ್ಲೂ ಕಾಯಿಲೆ ಗೊತ್ತಾದದ್ದು ಮನೋವೈದ್ಯರು ಕೂತು ಮಾತಾಡಿಸಿದ್ದರಿಂದ, ಟೋಪಿಯಿಂದಲ್ಲ.

"ಮಾತ್ರೆ ಜಾಸ್ತಿ ಮಾಡಿದ್ರೆ ಈ ಅಲೆ ಸರಿ ಹೋಗುತ್ತಾ?" ಅನ್ನುವುದು ಮುಂದಿನ ಪ್ರಶ್ನೆ. ಇದಕ್ಕೂ ಇಲ್ಲ ಅನ್ನಬೇಕಾಯಿತು. ಈಗಿನ ಹೆಚ್ಚಿನ ಮಾತ್ರೆಗಳು ಮುಖ್ಯವಾಗಿ ಡೋಪಮಿನ್ ಅನ್ನುವ, ಮಿದುಳಿನಲ್ಲಿ ಸುದ್ದಿ ಸಾಗಿಸುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಎಂಎಂಎನ್ ನಿಂತಿರುವುದು ಗ್ಲುಟಮೇಟ್ ಅನ್ನುವ ಇನ್ನೊಂದು ರಾಸಾಯನಿಕವನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ. ಆ ಗ್ರಾಹಕಗಳನ್ನು ತಡೆಯುವ ಕೆಟಮಿನ್ ಅನ್ನುವ ಅರಿವಳಿಕೆ ಔಷಧಿ ಕೊಟ್ಟಾಗ ಆರೋಗ್ಯವಂತರಲ್ಲೂ ಅಲೆ ತಗ್ಗಿತು ಅಂತ 2000ದಲ್ಲಿ ಡೇನಿಯಲ್ ಉಂಬ್ರಿಕ್ಟ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಮಾತ್ರೆ ಗೋಡೆಯ ಆಚೆಯ ಗಂಡಸರನ್ನು ತಗ್ಗಿಸಿತ್ತು. ಅಮ್ಮನ ದನಿಯ ರಾಗವನ್ನು ಮುಟ್ಟಿರಲಿಲ್ಲ. ಎಲ್ಲರ ಗಮನವೂ ಆ ಇಬ್ಬರು ಗಂಡಸರ ಮೇಲಿತ್ತು, ನನ್ನದೂ ಸೇರಿ. ಇಲ್ಲದ ದನಿಗಳ ಬಗ್ಗೆ ಆರು ವರ್ಷ ಕೇಳಿದೆವು. ಇರುವ ದನಿಗಳು ಹೇಗೆ ಕೇಳುತ್ತವೆ ಅಂತ ಆತನನ್ನು ಒಬ್ಬರೂ ಕೇಳಿರಲಿಲ್ಲ.

ಮಾಡಿದ್ದು ದೊಡ್ಡದೇನಲ್ಲ. ತಾಯಿ ರಾಗದ ಕೆಲಸವನ್ನು ಮಾತಿಗೆ ಒಪ್ಪಿಸಿದರು. "ನಂಗೆ ಸಿಟ್ಟಿಲ್ಲ ಕಣೋ, ಸುಸ್ತಾಗಿದೆ ಅಷ್ಟೇ" ಅಂತ ಬಾಯಿ ಬಿಟ್ಟು ಹೇಳುವುದು. ಮೊದಲು ಹೆಸರು ಹಿಡಿದು ಕರೆದು, ಆತ ತಿರುಗಿದ ಮೇಲೆ ವಿಷಯ. ಒಬ್ಬರಾದ ಮೇಲೆ ಒಬ್ಬರು. ಮುಖ್ಯವಾದ ಮಾತು ಇದ್ದರೆ ಟಿವಿ ಬಂದ್. ಅಜ್ಜಿಗೆ ಶ್ರವಣ ಸಾಧನ ಹಾಕಿಸಿದ್ದು ಈ ಚಿಕಿತ್ಸೆಯ ಅತ್ಯುತ್ತಮ ಭಾಗ ಅಂತ ನಾನು ಈಗಲೂ ತಮಾಷೆ ಮಾಡುತ್ತೇನೆ. ಅರ್ಧ ತಮಾಷೆ, ಅರ್ಧ ನಿಜ. ಗಂಡಸರ ದನಿ ಜೋರಾದಾಗ ಗುನುಗುವುದು, ಗಟ್ಟಿಯಾಗಿ ಓದುವುದು ಆತನಿಗೆ ಹಿಡಿಸಿತು. ಅನೇಕರಿಗೆ ಇದರಿಂದ ಅನುಕೂಲವಾಗುತ್ತದೆ. ಮಾತ್ರೆ ಹಾಗೇ ಮುಂದುವರಿಯಿತು.

ತಾಯಿಗೆ ಇದು ಸುಲಭವಾಗಿರಲಿಲ್ಲ. "ಪ್ರತಿಯೊಂದನ್ನೂ ಬಿಡಿಸಿ ಹೇಳ್ಬೇಕಾ? ಮಗ ಅಲ್ವಾ, ಅರ್ಥ ಆಗ್ಬಾರ್ದಾ?" ಅಂತ ಒಂದು ದಿನ ಅತ್ತರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆರು ತಿಂಗಳಾದ ಮೇಲೆ ಎಂಎಂಎನ್ ಮತ್ತೆ ತೆಗೆದೆವು. ಅಲೆ ಮೊದಲಿನ ಹಾಗೇ ತಗ್ಗು. ಬಾಗಿಲು ಬಡಿಯುವುದು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಮಧ್ಯೆ ಒಂದು ವಾರ ನಿದ್ದೆ ಕೆಟ್ಟಾಗ ಎಲ್ಲವೂ ಹಳೆಯ ಜಾಗಕ್ಕೇ ಬಂದಿತ್ತು. ನಮ್ಮ ಫಾರ್ಮಿನಲ್ಲಿ ಮಾತ್ರ ಒಂದು ಹೊಸ ಸಾಲು ಸೇರಿದೆ: ಕೊನೆಯ ಸಿಗರೇಟು ಎಷ್ಟು ಗಂಟೆಗೆ?

ಆ ದಿನ ಆತ ಕೆಲಸ ಹುಡುಕುವ ವಿಷಯ ಹೇಳುತ್ತಿದ್ದ. ನಾನು ಫೈಲಿನಲ್ಲಿ ಬರೆಯುತ್ತಾ "ಹೂಂ" ಅಂದೆ. ಆತ ಮಾತು ನಿಲ್ಲಿಸಿದ.

"ಮೇಡಂ, ಅದು ಯಾವ ಹೂಂ?"

ಪೆನ್ನು ಕೆಳಗಿಟ್ಟೆ. "ಬರೀತಿದ್ದೆ, ಕೇಳಿಸ್ಕೊಂಡಿರ್ಲಿಲ್ಲ. ಇನ್ನೊಂದ್ಸಲ ಹೇಳಿ" ಅಂದೆ.